ಮೇಳಿ ಮತ್ತು ನೊಗ: ವಿದ್ಯಾರ್ಥಿಯ ಮನನವನ್ನು ಕುರಿತು

ಸಾಹಿತ್ಯವನ್ನೂ ತತ್ತ್ವಶಾಸ್ತ್ರವನ್ನೂ ಕೂಡಿಸಿ ಓದಿಸುವ ಮಾನವಿಕ ವ್ಯಾಸಂಗಕ್ರಮಗಳಲ್ಲಿ, ತಾನು ಓದಿದ ಗ್ರಂಥವನ್ನು ಕುರಿತ ಆಲೋಚನೆಯನ್ನು ವಿದ್ಯಾರ್ಥಿಯು ನಾಲ್ಕಾರು ಪುಟಗಳಲ್ಲಿ ಬರೆದೊಪ್ಪಿಸುವುದು ಈಗ ರೂಢಿಯಾಗಿದೆ. ಈ ಬರಹಕ್ಕೆ ಅಂಕಗಳುಂಟು. ಆದರೆ ಅದೂ ಒಂದು ಬಗೆಯ ವಿಮರ್ಶೆ, ಅದಕ್ಕೂ ಗುಣದೋಷಗಳುಂಟು, ಅವನ್ನು ಒರೆಗೆ ಹಚ್ಚಿ ನೋಡಬಹುದು ಎಂದು ನಾವು ಗಂಭೀರವಾಗಿ ಎಣಿಸಿದಂತೆ ಕಾಣದು. ಅಧ್ಯಾಪಕರು ಅದನ್ನು ತಿದ್ದುತ್ತಾರೆ, ಹಿಂದಿರುಗಿಸುತ್ತಾರೆ; ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಪ್ರಕೃತ ಲೇಖನದಲ್ಲಿ ಆ ಬರಹದ ಸ್ವರೂಪವನ್ನು ವಿಚಾರಮಾಡಿ, ಮಾಗಡಿ ಸೀಮೆಯ ವಿದ್ಯಾರ್ಥಿಯೊಬ್ಬನ ಕೈಗೆ ಸಹಜವಾಗಿ ಎಟುಕುವ ಒಂದೆರಡು ಕೃತಿಗಳ ಮೂಲಕ ಅದು ಏನಾಗಬಲ್ಲುದೆಂಬುದನ್ನು ತೋರಿಸಲು ಯತ್ನಿಸಿದೆ.

ಸಾಮಾನ್ಯವಾಗಿ ದೊರೆಯುವ ಬರಹದ ಚೌಕಟ್ಟು ಎಲ್ಲ ಅಧ್ಯಾಪಕರಿಗೂ ಪರಿಚಿತ. ಮೊದಲು ಗ್ರಂಥಕರ್ತನ ಕಾಲದೇಶಗಳು, ಆಮೇಲೆ ಕಥಾಸಾರ, ಕಡೆಯಲ್ಲಿ ಕಲಿತ ಪಾಠ. ಕಠೋಪನಿಷತ್ತಿನಿಂದ ಧೈರ್ಯ, ಗೀತೆಯಿಂದ ನಿಷ್ಕಾಮಕರ್ಮ, ವಚನಗಳಿಂದ ಸಮಾನತೆ, ಪ್ಲೇಟೋ ಚಿತ್ರಿಸಿದ ಸಾಕ್ರಟೀಸನಿಂದ ಸತ್ಯನಿಷ್ಠೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇವುಗಳಲ್ಲಿ ಯಾವುದನ್ನೂ ಬರೆಯಲು ಗ್ರಂಥವನ್ನು ಓದಬೇಕಾದ ಅಗತ್ಯವಿಲ್ಲ. ಮುನ್ನುಡಿ ಸಾಕು, ಮಾರುಕಟ್ಟೆಯ ಟಿಪ್ಪಣಿಪುಸ್ತಕ ಸಾಕು. ಕೇಳಿದ ಕ್ಷಣದಲ್ಲಿ ಯಂತ್ರವೇ ಬರೆದುಕೊಡುವ ಈ ಕಾಲದಲ್ಲಿ ಅದೂ ಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಪದವಿಯ ಪಠ್ಯಕ್ರಮವನ್ನು ಬದಲಾಯಿಸಿದ್ದಾಯಿತು. 2024-25ರಿಂದ ಮರಳಿ ಮೂರು ವರ್ಷದ ಪದವಿಗೆ ಬಂದದ್ದೂ ಆಯಿತು. ಪತ್ರಿಕೆಗಳ ಹೆಸರು, ಅಂಕಗಳ ಹಂಚಿಕೆ ಎರಡು ಸಾರಿ ಬದಲಾದುವು. ಕಲಿತ ಪಾಠದ ಪ್ಯಾರಾ ಮಾತ್ರ ಸ್ವಸ್ಥಾನದಿಂದ ಕದಲಲಿಲ್ಲ.

ನಮ್ಮ ಪರಂಪರೆಯಲ್ಲಿ ಈ ಕಾರ್ಯಕ್ಕೆ ಒಂದು ಹೆಸರಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಆತ್ಮನನ್ನು ಅರಿಯುವ ಬಗೆಯನ್ನು ಹೇಳುವಾಗ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರನ್ನು ಕ್ರಮವಾಗಿ ಹೇಳುತ್ತಾನೆ. ವೇದಾಂತಿಗಳ ವಿವರಣೆಯಂತೆ ಶ್ರವಣವು ಗುರುವಿನ ಮುಖದಿಂದ ತಿಳಿಯುವುದು. ಮನನವು ಹಾಗೆ ತಿಳಿದುದನ್ನು ಯುಕ್ತಿಯಿಂದ ಪರೀಕ್ಷಿಸಿ ಸಂಶಯಗಳನ್ನು ಕಳೆದುಕೊಳ್ಳುವುದು. ಸಂಶಯವನ್ನು ಕಳೆದುಕೊಳ್ಳಬೇಕಾದರೆ ಮೊದಲು ಸಂಶಯ ಹುಟ್ಟಬೇಕಷ್ಟೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ಈ ಮೂರು ಹಂತಗಳಿಗೆ ಬಹಳ ಬೆಲೆ ಕೊಟ್ಟರು. 1932ರಲ್ಲಿ ಪ್ರಕಟವಾದ ಅವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ತರಗತಿಯ ಉಪನ್ಯಾಸಗಳಿಂದಲೇ ರೂಪುಗೊಂಡ ಗ್ರಂಥ. ವಿದ್ಯಾರ್ಥಿಗಳಿಗೆ ಹೇಳಿದ ಪಾಠವು ಜಗತ್ತು ಓದುವ ಶಾಸ್ತ್ರಗ್ರಂಥವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ನಾಡಿನಲ್ಲಿ ಇಲ್ಲ. ನಾವು ಇಂದು ವಿದ್ಯಾರ್ಥಿಯಿಂದ ಪಡೆಯುತ್ತಿರುವುದು ಮನನವೆಂಬ ತಲೆಬರಹದ ಕೆಳಗಿನ ಶ್ರವಣ. ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸುವ ಒಪ್ಪಿಗೆಯ ಬರಹ.

ಸಂಶಯದ ಈ ಮಾರ್ಗವು ಕೇವಲ ಸಂಸ್ಕೃತದ ಸೊತ್ತೂ ಅಲ್ಲ, ಪಾಶ್ಚಾತ್ಯರ ಕೊಡುಗೆಯೂ ಅಲ್ಲ. ಶೂನ್ಯಸಂಪಾದನೆಗಳನ್ನು ನೋಡಬಹುದು. ಹನ್ನೆರಡನೆಯ ಶತಮಾನದ ಬಿಡಿ ವಚನಗಳನ್ನು ಶತಮಾನಗಳ ಅನಂತರದ ಓದುಗರು ಒಂದರ ಎದುರಿಗೆ ಒಂದನ್ನಿಟ್ಟು, ಆಕ್ಷೇಪ ಸಮಾಧಾನಗಳ ರೂಪದಲ್ಲಿ ಜೋಡಿಸಿದರು. ಅಲ್ಲಮನು ಬಂದವರನ್ನೆಲ್ಲ ಪ್ರಶ್ನೆಗೊಡ್ಡುತ್ತಾನೆ. ಅಕ್ಕಮಹಾದೇವಿಯನ್ನೂ ಬಿಡುವುದಿಲ್ಲ, ಸಿದ್ಧರಾಮನನ್ನೂ ಬಿಡುವುದಿಲ್ಲ. ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದಾದ ಗೂಳೂರ ಸಿದ್ಧವೀರಣ್ಣೊಡೆಯನ ಸಂಪಾದನೆಯು ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಯಲ್ಲಿ ಹುಟ್ಟಿದುದು. ಸಿದ್ಧಲಿಂಗರ ಗದ್ದುಗೆಯಿರುವ ಎಡೆಯೂರು ಮಾಗಡಿ ಸೀಮೆಗೆ ಹೊಂದಿಕೊಂಡ ಕುಣಿಗಲ್ ತಾಲ್ಲೂಕಿನಲ್ಲಿದೆ. ಕುದೂರಿನ ಜನಕ್ಕೆ ಅದು ನೆರೆಯ ಕ್ಷೇತ್ರ. ಓದುವುದೆಂದರೆ ಎದುರು ಮಾತಾಡುವುದು ಎಂಬ ಅರ್ಥ ಈ ಸೀಮೆಗೆ ಹೊಸತೇನೂ ಅಲ್ಲವೆಂದು ಹೇಳುವುದಕ್ಕಾಗಿ ಇಷ್ಟನ್ನು ಇಲ್ಲಿ ತಂದೆ.

ಈಗ ಒಂದು ಪಠ್ಯವನ್ನು ತೆಗೆದುಕೊಳ್ಳೋಣ. ಕುವೆಂಪು ಅವರ 'ನೇಗಿಲಯೋಗಿ' ಕರ್ನಾಟಕದಲ್ಲಿ ರೈತಗೀತೆಯ ಮನ್ನಣೆ ಪಡೆದ ಕವನ. ಕುದೂರು ಹೋಬಳಿಯ ಯಾವುದೇ ಹಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಪ್ರಾಥಮಿಕ ಶಾಲೆಯಿಂದಲೇ ಅದನ್ನು ಹಾಡಿರುತ್ತಾನೆ. ಉಳುವವನನ್ನು ಯೋಗಿಯೆಂದು ಕಾಣುವುದು ಆ ಕವನದ ಮೂಲಪ್ರತಿಭೆ. ಗೀತೆಯ ನಿಷ್ಕಾಮಕರ್ಮವು ಇಲ್ಲಿ ರಣರಂಗದಿಂದ ಹೊಲಕ್ಕೆ ಇಳಿದಿದೆ. ಫಲದ ಆಸೆಯಿಲ್ಲದೆ, ಹೆಸರಿನ ಹಂಬಲವಿಲ್ಲದೆ ದುಡಿಯುವವನು ತ್ಯಾಗಿಯೆನಿಸಿದ್ದಾನೆ. ಕವನವನ್ನು ಮುಗ್ಧ ಸ್ತುತಿಯೆಂದು ತಳ್ಳಿಹಾಕುವವರು ಅದನ್ನು ಪೂರ್ಣವಾಗಿ ಓದಿಲ್ಲ. ಅರಸರ ದರ್ಪವೂ ಶಿಲ್ಪಿ ಕವಿಗಳ ಕೀರ್ತಿಯೂ ಆ ಕೈಯನ್ನು ಆಶ್ರಯಿಸಿ ಬೆಳೆದುವೆಂಬ ಮಾತು ಅದರೊಳಗೇ ಇದೆ. ಆದರೂ ಕವನದ ಕಣ್ಣು ನೇಗಿಲು ಹಿಡಿದ ಕೈಯ ಮೇಲೆ, ಮೇಳಿಯ ಮೇಲೆ ನೆಟ್ಟಿದೆ. ಎತ್ತುಗಳ ಪ್ರಸ್ತಾಪ ಅದರಲ್ಲಿ ಇಲ್ಲ.

ಅದೇ ಮಾಗಡಿ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ, ಅರ್ಕಾವತಿಯ ಬಳಿ, ಮಂಚನಬೆಲೆಯಿದೆ. ಕವಿ ಸಿದ್ಧಲಿಂಗಯ್ಯನವರು 1954ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಆತ್ಮಕಥನ 'ಊರುಕೇರಿ'ಯ ಮೊದಲ ಭಾಗ 1996ರಲ್ಲಿ ಹೊರಬಂದಿತು. ಕೃತಿಯ ಆರಂಭದಲ್ಲಿಯೇ ಬರುವ ಒಂದು ಚಿತ್ರವನ್ನು ಓದಿದವರು ಮರೆಯಲಾರರು. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಹೂಡಿದೆ. ಹಿಂದೆ ಒಬ್ಬನು ನೇಗಿಲು ಹಿಡಿದು ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಅದು ಮೊದಲು ವಿನೋದವಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬನು ತನ್ನ ತಂದೆಯೆಂಬುದು ಆಮೇಲೆ ತಿಳಿಯುತ್ತದೆ. ತನಗಾದ ಸಂಕಟವನ್ನು ಲೇಖಕರು ಒಂದು ಮಾತಿನಲ್ಲಿ ಸೂಚಿಸಿ ಮುಂದೆ ಸಾಗುತ್ತಾರೆ. ವಿವರಣೆಯಿಲ್ಲ, ಆಕ್ರೋಶವಿಲ್ಲ, ಕಲಿತ ಪಾಠವಂತೂ ಇಲ್ಲವೇ ಇಲ್ಲ.

ಈ ಎರಡು ಪಠ್ಯಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಬರೆಯಲು ಹೇಳಿದರೆ ಸಾಮಾನ್ಯ ವಿದ್ಯಾರ್ಥಿಯು ಒಂದು ಆದರ್ಶ, ಇನ್ನೊಂದು ವಾಸ್ತವ ಎಂದು ವಿಭಾಗಿಸಿ ಮುಗಿಸುತ್ತಾನೆ. ಅದು ಅವಸರದ ತೀರ್ಮಾನ. ನಿಜವಾದ ಪ್ರಶ್ನೆ ತತ್ತ್ವಶಾಸ್ತ್ರದ್ದು. ಫಲತ್ಯಾಗವನ್ನು ಯಾರು ಮಾಡಬಲ್ಲರು? ಫಲದ ಮೇಲೆ ಒಡೆತನ ಇದ್ದವನು. ತ್ಯಾಗಕ್ಕೆ ಸ್ವತ್ವ ಬೇಕು ಎಂಬುದನ್ನು ಮೀಮಾಂಸಕರು ಚೆನ್ನಾಗಿ ಬಲ್ಲರು. ದ್ರವ್ಯದಲ್ಲಿ ತನಗಿರುವ ಸ್ವತ್ವವನ್ನು ದೇವತೆಯ ಉದ್ದೇಶದಿಂದ ಬಿಟ್ಟುಕೊಡುವುದೇ ಯಾಗವೆಂದು ಅವರ ಲಕ್ಷಣ. ಸರ್ವಸ್ವವನ್ನೂ ಕೊಡಬೇಕಾದ ವಿಶ್ವಜಿದ್ಯಾಗದಲ್ಲಿ ತಂದೆತಾಯಿಗಳನ್ನು ಕೊಡಲು ಬಾರದು, ಅವರು ಯಾರ ಸ್ವತ್ತೂ ಅಲ್ಲ, ಎಂದು ಕೂಡ ಅವರು ನಿರ್ಣಯಿಸಿದ್ದಾರೆ. ಮಂಚನಬೆಲೆಯ ಹೊಲದಲ್ಲಿ ನೊಗ ಹೊತ್ತವನಿಗೆ ಆ ಬೆಳೆಯ ಮೇಲೆ ಒಡೆತನವಿಲ್ಲ. ಬಿಡಲು ಏನೂ ಇಲ್ಲದವನನ್ನು ತ್ಯಾಗಿಯೆಂದು ಕರೆದರೆ ಅದು ಗೌರವವೋ, ಅವನಿಗೆ ಸಲ್ಲಬೇಕಾದುದನ್ನು ಮರೆಸುವ ಉಪಾಯವೋ? ನಿಷ್ಕಾಮಕರ್ಮದ ತತ್ತ್ವವು ಇದರಿಂದ ಬಿದ್ದುಹೋಗುವುದಿಲ್ಲ. ಆದರೆ ಅದಕ್ಕೆ ಅಧಿಕಾರಿ ಯಾರೆಂಬ ಪ್ರಶ್ನೆ ಏಳುತ್ತದೆ. ಅಧಿಕಾರಿಯ ವಿಚಾರವು ನಮ್ಮ ಶಾಸ್ತ್ರಗಳಲ್ಲಿ ಗ್ರಂಥಾರಂಭದಲ್ಲಿಯೇ ಬರುವ ವಿಚಾರವಲ್ಲವೆ?

ಇಲ್ಲಿ ಗ್ರಾಮಾಂತರದ ವಿದ್ಯಾರ್ಥಿಗೆ ಅಧ್ಯಾಪಕನಿಗೂ ಇಲ್ಲದ ಒಂದು ಅನುಕೂಲವಿದೆ. ಟ್ರ್ಯಾಕ್ಟರು ಬಂದು ಎಷ್ಟೋ ಕಾಲವಾಗಿದ್ದರೂ, ಮೇಳಿಗೂ ನೊಗಕ್ಕೂ ಇರುವ ಅಂತರವನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯದವರು ರಾಗಿ ಬೆಳೆಯುವ ಈ ಸೀಮೆಯಲ್ಲಿ ಕಡಮೆ. ಎತ್ತಿನ ಹೆಗಲ ಮೇಲಿಟ್ಟ ನೊಗವು ಹಿಣಿಲಿಗೆ ತಾಗಿ ನಿಲ್ಲುತ್ತದೆ. ಎತ್ತು ಎಳೆದಷ್ಟೂ ಅಲ್ಲಿಯೇ ಬಿಗಿಯುತ್ತದೆ. ಮನುಷ್ಯನಿಗೆ ಹಿಣಿಲಿಲ್ಲ. ಜಾರದಂತೆ ಅವನು ನೊಗವನ್ನು ತನ್ನ ಕೈಯಿಂದಲೇ ಹಿಡಿದುಕೊಂಡು ಎಳೆಯಬೇಕಾಗುತ್ತದೆ. ತನ್ನನ್ನು ಹೂಡಿದ ಮರದ ತುಂಡನ್ನು ತಾನೇ ಎತ್ತಿಹಿಡಿಯಬೇಕಾದ ಆ ದೇಹಸ್ಥಿತಿಯಲ್ಲಿ ಎಷ್ಟು ಅರ್ಥವಿದೆಯೆಂಬುದನ್ನು ಯಾವ ಟಿಪ್ಪಣಿಪುಸ್ತಕವೂ ಹೇಳುವುದಿಲ್ಲ. ಕುದೂರಿನ ವಿದ್ಯಾರ್ಥಿನಿ ಅದನ್ನು ತನ್ನ ಅಜ್ಜನನ್ನು ಕೇಳಿ ಬರೆಯಬಲ್ಲಳು. ಹಾಗೆ ಬರೆದ ಒಂದು ವಾಕ್ಯವು ಪಠ್ಯಕ್ಕೆ ನಿಜವಾದ ವ್ಯಾಖ್ಯಾನ. ಆದರೆ ಅದನ್ನು ಬರೆಯಲು ಅವಳು ಹಿಂಜರಿಯುತ್ತಾಳೆ. ಹೊಲದ ಮಾತು ಶಾಸ್ತ್ರದ ಪತ್ರಿಕೆಯಲ್ಲಿ ಸಲ್ಲದು ಎಂಬ ಭಾವನೆಯನ್ನು ಅವಳಲ್ಲಿ ಬೆಳೆಸಿದವರು ನಾವೇ.

ಹೊಲದ ಅಂಚಿನ ಬಾಲಕನು ಇನ್ನೊಬ್ಬ ಬಾಲಕನನ್ನು ನೆನಪಿಗೆ ತರುತ್ತಾನೆ. ಕಠೋಪನಿಷತ್ತು ಆರಂಭವಾಗುವುದೂ ತಂದೆಯನ್ನು ನೋಡುತ್ತಿರುವ ಮಗನಿಂದ, ದನಗಳ ಸನ್ನಿವೇಶದಿಂದ. ಹಾಲು ಬತ್ತಿದ ಮುದಿ ಹಸುಗಳನ್ನು ತಂದೆಯು ದಕ್ಷಿಣೆಯಾಗಿ ಕೊಡುವುದನ್ನು ನಚಿಕೇತನು ಕಾಣುತ್ತಾನೆ. ಆಗ ಅವನಲ್ಲಿ ಹೊಕ್ಕದ್ದು ಅಶ್ರದ್ಧೆಯಲ್ಲ, ಶ್ರದ್ಧೆ. ಶ್ರದ್ಧೆಯಿಂದಲೇ ಪ್ರಶ್ನೆ ಹುಟ್ಟಿತು. ನನ್ನನ್ನು ಯಾರಿಗೆ ಕೊಡುವೆ ಎಂದು ಆತ ಕೇಳುವುದರಲ್ಲಿ ತಂದೆಯ ತ್ಯಾಗವು ನಿಜವಾದ ತ್ಯಾಗವಾಗಲಿ ಎಂಬ ಕಳಕಳಿಯಿದೆ. ನಮ್ಮ ಪಾಠಗಳಲ್ಲಿ ನಚಿಕೇತನು ಮೃತ್ಯುವಿಗೂ ಹೆದರದ ಧೀರನಾಗಿ ಮಾತ್ರ ಉಳಿದಿದ್ದಾನೆ; ತಂದೆಯ ಕರ್ಮದ ಯುಕ್ತಾಯುಕ್ತತೆಯನ್ನು ಪರೀಕ್ಷಿಸಿದ ಮಗನು ಬಿಟ್ಟುಹೋಗಿದ್ದಾನೆ. ಊರುಕೇರಿಯ ಪುಟವನ್ನು ಓದಿದ ಮೇಲೆ ಉಪನಿಷತ್ತಿಗೆ ಮರಳುವ ವಿದ್ಯಾರ್ಥಿಯ ಕಣ್ಣಿಗೆ ಆ ಮುದಿ ಹಸುಗಳು ಮೊದಲ ಬಾರಿಗೆ ಬೀಳುತ್ತವೆ. ಒಬ್ಬನು ದನಗಳನ್ನು ಕೊಡುವ ತಂದೆ, ಇನ್ನೊಬ್ಬನು ದನದ ಸ್ಥಾನದಲ್ಲಿ ನಿಂತ ತಂದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.

ರಸಸಿದ್ಧಾಂತದ ಕಡೆಯಿಂದಲೂ ಆ ಪುಟವನ್ನು ಪರೀಕ್ಷಿಸಬಹುದು. ಕಾವ್ಯದ ಸಾಮಗ್ರಿಯು ಇದು ನನ್ನದು, ಇದು ಪರರದು ಎಂಬ ಸಂಬಂಧದಿಂದ ಬಿಡುಗಡೆ ಹೊಂದಿದಾಗ ಮಾತ್ರ ರಸಾನುಭವವೆಂದು ಭಟ್ಟನಾಯಕನ ಮತ. ಇದನ್ನೇ ಸಾಧಾರಣೀಕರಣವೆನ್ನುತ್ತಾರೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953) ಇದನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಿಳಿಯಾಗಿ ಒದಗಿಸಿತು. ಹಿರಿಯಣ್ಣನವರ ನಿಧನಾನಂತರ 1954ರಲ್ಲಿ ಪ್ರಕಟವಾದ 'ಆರ್ಟ್ ಎಕ್ಸ್‌ಪೀರಿಯನ್ಸ್' ಸಂಕಲನವು ಕಲಾನುಭವದ ನಿರ್ಮಮತೆಯನ್ನೂ ಅದರ ಕ್ಷಣಿಕತೆಯನ್ನೂ ಮೋಕ್ಷದೊಡನೆ ಹೋಲಿಸಿ ನಿರೂಪಿಸಿತು. ಹೊಲದ ದೃಶ್ಯವು ಹುಡುಗನಿಗೆ ವಿನೋದವಾಗಿದ್ದುದು ನೊಗ ಹೊತ್ತವರು ತನ್ನವರಲ್ಲ ಎಂದಿರುವಷ್ಟು ಹೊತ್ತು. ತಂದೆಯ ಗುರುತು ಸಿಕ್ಕ ಕೂಡಲೆ ಆ ತಾಟಸ್ಥ್ಯ ಒಡೆದುಹೋಗುತ್ತದೆ. ಹಾಗಾದರೆ ಮಮತೆಯ ಅಭಾವವು ಸೌಂದರ್ಯಾನುಭವದ ಬಾಗಿಲೋ, ನಿರ್ದಯತೆಯ ಬಾಗಿಲೋ? ನನ್ನ ಅಭಿಪ್ರಾಯದಲ್ಲಿ ಸಿದ್ಧಾಂತವು ಇಲ್ಲಿ ಖಂಡಿತವಾಗುವುದಿಲ್ಲ, ಅದರ ಎಲ್ಲೆ ಗೊತ್ತಾಗುತ್ತದೆ. ಲೋಕದಲ್ಲಿ ನನ್ನವನಲ್ಲ ಎಂಬುದು ಉಪೇಕ್ಷೆ. ಕಾವ್ಯದಲ್ಲಿ ಅದೇ ವಿಸ್ತಾರ. ಪುಟವನ್ನು ಓದುವ ನಮಗೆ ಆ ತಂದೆಯು ಸಿದ್ಧಲಿಂಗಯ್ಯನವರೊಬ್ಬರ ತಂದೆಯಾಗಿ ಉಳಿಯುವುದಿಲ್ಲವಲ್ಲ. ರಸಪ್ರಕರಣವನ್ನು ಒಂದು ಅರ್ಧವರ್ಷದಲ್ಲಿಯೂ ಆತ್ಮಕಥನವನ್ನು ಇನ್ನೊಂದರಲ್ಲಿಯೂ ಪ್ರತ್ಯೇಕವಾಗಿ ಬೋಧಿಸುವ ನಮ್ಮ ಕ್ರಮದಲ್ಲಿ, ಇವೆರಡನ್ನೂ ಎದುರುಬದುರಾಗಿ ನಿಲ್ಲಿಸುವ ಹೊಣೆ ವಿದ್ಯಾರ್ಥಿಯ ಬರಹದ ಮೇಲೆಯೇ ಬೀಳುತ್ತದೆ.

ಈ ಇಬ್ಬರು ಲೇಖಕರೂ ಒಂದು ಕಾಲದಲ್ಲಿ ಮಾನವಿಕ ವಿಷಯಗಳ ವಿದ್ಯಾರ್ಥಿಗಳೇ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' (1980) ಮೈಸೂರಿನ ವಿದ್ಯಾರ್ಥಿದೆಸೆಯ ದಿನಚರಿಗಳನ್ನು ಒಳಗೊಂಡಿದೆ. ಇಂಗ್ಲಿಷಿನಲ್ಲಿ ಕವಿತೆ ಬರೆದು 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಪ್ರಕಟಿಸಿದ ತರುಣನು, 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರ ಮಾತಿನಿಂದ ಕನ್ನಡಕ್ಕೆ ತಿರುಗಿ, ರಾಮಕೃಷ್ಣಾಶ್ರಮದ ಆಶ್ರಯದಲ್ಲಿ ವಿವೇಕಾನಂದರ ಸಾಹಿತ್ಯವನ್ನೂ ಆಂಗ್ಲ ಕವಿಗಳನ್ನೂ ಓದಿ ಬೆಳೆದ ಕಥೆ ಅಲ್ಲಿದೆ. ಅಲ್ಲಿಯ ಮನನವು ಸಂಕಲ್ಪಪ್ರಧಾನ. ಓದಿದ್ದು ತಕ್ಷಣವೇ ಬಾಳಿನ ನಿರ್ಧಾರವಾಗುತ್ತದೆ. ಓದುಗರನ್ನು ಎತ್ತುವ ಶಕ್ತಿ ಅದಕ್ಕಿದೆ. ಆದರೆ ಎಪ್ಪತ್ತು ದಾಟಿದ ಮಹಾಕವಿಯು ಇಪ್ಪತ್ತರ ತರುಣನ ಟಿಪ್ಪಣಿಗಳನ್ನು ಪರಿಚಯಿಸುವಾಗ, ಎಲ್ಲ ಹೆಜ್ಜೆಗಳೂ ಮುಂದಿನ ದರ್ಶನದತ್ತಲೇ ಸಾಗಿದಂತೆ ಕಾಣುತ್ತವೆ. ತಪ್ಪುದಾರಿಗಳು ಅಲ್ಲಿ ಬೇಗ ಮುಚ್ಚಿಹೋಗುತ್ತವೆ. ನಮ್ಮ ವಿದ್ಯಾರ್ಥಿಗಳ ಒಪ್ಪಿಗೆಯ ಬರಹವು ಈ ಸಂಕಲ್ಪದ ಧಾಟಿಯನ್ನು ಅನುಕರಿಸಿ, ಅದರ ಹಿಂದಿದ್ದ ಹೋರಾಟವನ್ನು ಮಾತ್ರ ಬಿಟ್ಟಿತೋ ಏನೋ.

ಸಿದ್ಧಲಿಂಗಯ್ಯನವರ ಮನನ ಬೇರೆ ರೀತ್ಯಾ ನಡೆಯಿತು. ಬೆಂಗಳೂರಿನ ಶ್ರೀರಾಮಪುರ, ವಿದ್ಯಾರ್ಥಿನಿಲಯ, ಭಾಷಣದ ವೇದಿಕೆ, ಓದಲು ಕುಳಿತ ಸ್ಮಶಾನ ಇವೇ ಅದರ ಕ್ಷೇತ್ರಗಳು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ರಾಜ್ಯದ ಕಾಲೇಜುಗಳಲ್ಲಿ ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಬಸವಲಿಂಗಪ್ಪನವರು ಅಧಿಕಾರ ಬಿಡಬೇಕಾಯಿತು. ಸಾಹಿತ್ಯದಲ್ಲಿ ತಿರುಳಿದೆಯೇ ಎಂಬುದು ವಿಮರ್ಶೆಯ ಪ್ರಶ್ನೆ. ಅದನ್ನು ತರಗತಿಯಲ್ಲಿ ಕೇಳಲು ಎಡೆಯಿಲ್ಲದ್ದರಿಂದ ಅದು ಬೀದಿಯಲ್ಲಿ ಕೇಳಿಬಂತು. ಉತ್ತರವೂ ಬೀದಿಯ ರೀತಿಯಲ್ಲಿಯೇ ಬಂತು. ಬಸವಲಿಂಗಪ್ಪನವರ ಪಕ್ಷ ವಹಿಸಿದ ವಿದ್ಯಾರ್ಥಿಗಳಲ್ಲಿ ಸಿದ್ಧಲಿಂಗಯ್ಯನವರೂ ಒಬ್ಬರು. ಎರಡು ವರ್ಷದೊಳಗೆ, 1975ರಲ್ಲಿ, 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಬೂಸಾ ಎಂಬ ಆಕ್ಷೇಪಕ್ಕೆ ಕನ್ನಡ ಕೊಟ್ಟ ಸಮರ್ಥ ಉತ್ತರಗಳಲ್ಲಿ ಒಂದು, ಆಕ್ಷೇಪದ ಪಕ್ಷದಲ್ಲಿದ್ದವರಿಂದಲೇ ಬಂದಿತೆನ್ನಬೇಕು. ನಡುವೆ 1974ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಕುವೆಂಪು ಅವರು ವಿಚಾರಕ್ರಾಂತಿಗೆ ಆಹ್ವಾನವಿತ್ತರು. ಸಿದ್ಧಲಿಂಗಯ್ಯನವರು ಕನ್ನಡ ಎಂ.ಎ. ಓದಿದ್ದು ಅದೇ ವಿಶ್ವವಿದ್ಯಾನಿಲಯದಲ್ಲಿ.

ಊರುಕೇರಿಗೂ ಒಂದು ಕೊರತೆಯಿದೆ. ಯಾರು ಎಲ್ಲಿ ಭಾಷಣ ಮಾಡಿದರು, ಯಾರು ಹೇಗೆ ಪೇಚಿಗೆ ಸಿಕ್ಕಿದರು ಎಂಬುದು ಅಲ್ಲಿ ಸೊಗಸಾಗಿ ಬರುತ್ತದೆ. ಯಾವ ಪುಸ್ತಕದ ಯಾವ ವಿಚಾರ ಒಳಹೊಕ್ಕು ಏನು ಮಾಡಿತು ಎಂಬುದು ವಿರಳವಾಗಿ ಬರುತ್ತದೆ. ಓದು ಹಾಸ್ಯದ ಹಿಂದೆ ಅವಿತುಕೊಳ್ಳುತ್ತದೆ. ಬಡವರ ನಗುವಿನಲ್ಲಿರುವ ಶಕ್ತಿಯನ್ನು ಈ ಕೃತಿಯಲ್ಲಿ ಗುರುತಿಸಿದವರು ಡಿ. ಆರ್. ನಾಗರಾಜ್, ಆ ಮಾತನ್ನು ಬಹುಮಂದಿ ಒಪ್ಪಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಆರಂಭದ ಹೊಲದ ಪುಟಕ್ಕೆ ಅದು ಹೊಂದುವುದಿಲ್ಲ. ಅಲ್ಲಿಯ ವಿನೋದವು ನೊಗದ ಕೆಳಗಿನವರದಲ್ಲ, ದೂರ ನಿಂತು ನೋಡುವವನದು; ಗುರುತು ಸಿಕ್ಕೊಡನೆ ಅದು ನಿಂತುಹೋಗುತ್ತದೆ. ಕೃತಿಯ ಮುಂದಿನ ಭಾಗಗಳಲ್ಲಿ ಕೇಳುವ ನಗೆಯು ನೊಗದ ಕೆಳಗಿನಿಂದ ಬರುವಂಥದು. ನಗೆಯು ನೋಡುವವನಿಂದ ಹೊರುವವನ ಕಡೆಗೆ ಎಲ್ಲಿ ದಾಟಿತು, ಶ್ರೀರಾಮಪುರದಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ, ಎಂಬುದನ್ನು ಪ್ರಸಂಗ ಪ್ರಸಂಗವಾಗಿ ಗುರುತಿಸುತ್ತ ಹೋಗುವುದು ಒಂದು ತರಗತಿಯ ವಿದ್ಯಾರ್ಥಿಗಳು ಕೂಡಿ ಒಂದು ಅರ್ಧವರ್ಷದಲ್ಲಿ ಮಾಡಬಹುದಾದ ಕೆಲಸ.